ಯಾವ ಮಾದೇವ?

ತಿ. ನರಸೀಪುರ
3-6-2002

ರುದ್ರಾಣಿಗೆ,

ಈ ಪತ್ರವನ್ನು ಸಂಗಮ ರಕ್ತದಾನಿಗಳ ಬಳಗದ ಕಾರ್ಯದರ್ಶಿಯಾಗಿ ಬರೆಯುತ್ತಿದ್ದೇನೆಯೇ ಹೊರತು ಅಪ್ಪನಾಗಿ ಅಲ್ಲ. ಇದು ಮೊದಲೇ ಸ್ಪಷ್ಟವಾಗಿರಲಿ. ನಾಲ್ಕು ವರ್ಷದಿಂದ ಒಂದು ಸಾಲೂ ಬರೆಯದವನು ಈಗೇಕೆ ಬರೆದ ಎಂದು ನೀನು ಬೇರೆ ಅರ್ಥ ಕಟ್ಟಿಕೊಳ್ಳುವುದು ಬೇಡ.

ಬಳಗದ ಕಂಪ್ಯೂಟರ್ ಸತ್ತಿದೆ. ಯುಗಾದಿಯಿಂದಲೇ ಏದುಸಿರು ಬಿಡುತ್ತಿತ್ತು. ಹೋದ ಸೋಮವಾರ ಪರದೆ ಕಪ್ಪಾಗಿ ಸುಟ್ಟ ವಾಸನೆ ಬಂತು. ರೇಡಿಯೋ ರಿಪೇರಿ ಮಾದಯ್ಯನನ್ನು ಕರೆಸಿದೆ. ಮುಚ್ಚಳ ಬಿಚ್ಚಿ ನೋಡಿ, "ಇದ್ಕೆ ಮಣ್ ಮಾಡದೇ ವಾಸಿ ಕಣ್ ಸಾ" ಎಂದು ಕೈ ಮುಗಿದು ಹೋದ.

ನೀನು ಡಿಪ್ಲೊಮಾ ಓದುವಾಗ, 1995ರಲ್ಲಿ, ಬರೆದುಕೊಟ್ಟ ಪ್ರೋಗ್ರಾಮಿನ ಒಳಗೇ ಎಲ್ಲ ದಾನಿಗಳ ಹೆಸರು, ಊರು, ರಕ್ತದ ಗುಂಪು, ಕರೆದುಕೊಡುವವರ ಫೋನ್ ನಂಬರು ಇವೆಯೆಂಬುದು ನಿನಗೆ ಗೊತ್ತಿದೆ. ಯಂತ್ರವನ್ನು ನಂಬಿ ನಾನು ಬೇರೆ ಕಡೆ ಬರೆದಿಟ್ಟಿಲ್ಲ. ಫ್ಲಾಪಿಯಲ್ಲಿ ನಕಲು ಉಂಟು, ಲಗತ್ತಿಸಿದ್ದೇನೆ. ಈ ಊರಿನಲ್ಲಿ ಅದನ್ನು ನೋಡಿ ಅರ್ಥಮಾಡಿಕೊಳ್ಳುವವರು ಯಾರೂ ಇಲ್ಲ. ಬರೆದವಳು ನೀನು, ಆದ್ದರಿಂದ ಜವಾಬ್ದಾರಿಯೂ ನಿನ್ನದು. ಏನು ಮಾಡಬಹುದೆಂದು ತಿಳಿಸುವುದು.

ಒಂದು ಷರತ್ತು. ನಿನ್ನ ಮನೆಯ ಇತರರ ವಿಷಯ ಈ ವ್ಯವಹಾರದಲ್ಲಿ ಬರಕೂಡದು.

ಇಂತಿ,
ಚಿಕ್ಕಬಸಪ್ಪ
ನಿವೃತ್ತ ಬೆಂಚ್ ಕ್ಲರ್ಕ್
ಕಾರ್ಯದರ್ಶಿ, ಸಂಗಮ ರಕ್ತದಾನಿಗಳ ಬಳಗ

ತಾ.ಕ. ನಿಮ್ಮವ್ವ ಪಕ್ಕದಲ್ಲೇ ನಿಂತಿದ್ದಾಳೆ. ಹುಷಾರಾಗಿದ್ದೀಯಾ ಎಂದು ಕೇಳಬೇಕಂತೆ. ಕೇಳಿದ್ದೇನೆ.


ನಂಜನಗೂಡು
11-6-2002

ಮಾನ್ಯ ಕಾರ್ಯದರ್ಶಿಗಳಿಗೆ,

ತಮ್ಮ ಪತ್ರ ತಲುಪಿತು. ಲಕೋಟೆಯ ಮೇಲೆ ನಿಮ್ಮ ಅಕ್ಷರ ನೋಡಿ ಸಂಜೆಯವರೆಗೆ ಒಡೆಯದೆ ಇಟ್ಟಿದ್ದು ನಿಜ. ಒಡೆದು ಓದಿದ ಮೇಲೆ ನಗು ಬಂತು. ಸಮನ್ಸಾದರೂ ಇದಕ್ಕಿಂತ ಮೆತ್ತಗಿರುತ್ತದೆ ಅಪ್ಪಾಜಿ.

ಹುಷಾರಾಗಿದ್ದೇನೆ ಎಂದು ಅವ್ವನಿಗೆ ಹೇಳಿ. ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಹಾಗೇ ನಡೆದಿದೆ. ಅಲ್ಲಿ ಬೇಡವೆಂದು ತೆಗೆದಿಟ್ಟ ಯಂತ್ರವೊಂದನ್ನು ಸಾಹೇಬರು ಬಳಗಕ್ಕೆ ಕೊಡಲು ಒಪ್ಪಿದ್ದಾರೆ. ಸತ್ತದ್ದರಲ್ಲಿ ಹಳೆಯ ಯೂನಿಕ್ಸ್ ಇತ್ತು. ಇದರಲ್ಲಿ ಲಿನಕ್ಸ್ ಎಂಬ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸಿದ್ದೇನೆ. ನನ್ನ ಪ್ರೋಗ್ರಾಮು ಬರೆದದ್ದು ಪರ್ಲ್ ಎಂಬ ಭಾಷೆಯಲ್ಲಿ, ಆಗ ಅದರ ನಾಲ್ಕನೇ ಆವೃತ್ತಿ ಇತ್ತು. ಈಗ ಐದು ಬಂದಿದೆ. ಹೆಸರು ಅದೇ, ಭಾಷೆಯೂ ಅದೇ, ಆದ್ದರಿಂದ ನಿಮ್ಮ ಫ್ಲಾಪಿಯಲ್ಲಿದ್ದುದನ್ನು ಹಾಗೇ ನಕಲು ಮಾಡಿದ್ದೇನೆ. ಓಡಿಸಿದೆ, ಗೊಣಗದೆ ಓಡಿತು.

ಆ ಪ್ರೋಗ್ರಾಮನ್ನು ಏಳು ವರ್ಷದ ಮೇಲೆ ತೆರೆದು ನೋಡಿ ಕಣ್ಣು ತುಂಬಿತು. ನೀವು ಜಗಲಿಯ ಮೇಲೆ ಕೂತು ಹೆಸರು ಹೇಳುತ್ತಿದ್ದಿರಿ, ನಾನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಿದ್ದೆ. "ಮಹದೇವ, ಉರುಫ್ ಕುಳ್ಳ. ಮಹದೇವ, ಉರುಫ್ ಮಿಲ್ಟ್ರಿ." ನಮ್ಮ ಸೀಮೆಯಲ್ಲಿ ಕಲ್ಲೆಸೆದರೆ ಮಹದೇವನ ಮೇಲೇ ಬೀಳುತ್ತದೆ, ಅಡ್ಡಹೆಸರಿಲ್ಲದಿದ್ದರೆ ಯಾರು ಯಾರೋ ತಿಳಿಯುವುದೇ ಇಲ್ಲ. ಉರುಫ್ ಎಂದಲ್ಲೆಲ್ಲ ಕೋರ್ಟಿನ ಕಾಗದದಲ್ಲಿರುವ ಹಾಗೆ @ ಒತ್ತಬೇಕು. ಅದಾದ ಮೇಲೆ ಜಾಗ ಬಿಟ್ಟೆನೋ, ತಲೆಗೆ ಮೊಟಕು ಬೀಳುತ್ತಿತ್ತು. "ಜಾಗ ಬಿಟ್ರೆ ನಾಳೆ ಯಾವನಾದ್ರೂ ಮಧ್ಯ ಇನ್ನೊಂದ್ ಹೆಸರು ತೂರಿಸ್ತಾನೆ ಕಣವ್ವ. ಅಂಟಿಸಿ ಬರಿ!"

ನಿಮ್ಮ ಷರತ್ತಿನಂತೆ ಮನೆಯ ಇತರರ ವಿಷಯ ಬರೆಯುವುದಿಲ್ಲ. ಆದರೆ ಯಂತ್ರಕ್ಕೆ ಕಾಲಿಲ್ಲ, ಯಾರಾದರೂ ತಂದಿಡಲೇಬೇಕು. ತಂದವರು ಯಾರು ಎಂದು ಕೇಳದಿದ್ದರೆ ಷರತ್ತು ಮುರಿಯುವುದಿಲ್ಲ.

ತಮ್ಮ ವಿಧೇಯ (ಮತ್ತು ಮಗಳು),
ರುದ್ರಾಣಿ


ತಿ. ನರಸೀಪುರ
2-7-2002

ಕೂಸೇ ರುದ್ರಾಣಿ,

ನಿಮ್ಮಪ್ಪ ಮಾರ್ಕೆಟ್ಟಿಗೆ ಹೋಗವ್ರೆ. ಬರೋದ್ರೊಳಗೆ ಬರೆದು ಡಬ್ಬಕ್ಕೆ ಹಾಕಬೇಕು. ಅಕ್ಷರ ಸೊಟ್ಟಗಿದ್ರೆ ಬಯ್ಕೋಬೇಡ.

ಮಿಷನ್ನು ಬಂತು. ನಿನ್ನ ಗಂಡ ಹಾಲಿನ ವ್ಯಾನಿಂದ ಇಳಿಸಿ ಜಗಲಿ ಮೇಲಿಟ್ಟು, ಚಪ್ಪಲಿ ಸತ ಬಿಡದೆ ಹಿಂದಕ್ಕೆ ತಿರುಗಿದ. "ಒಂದ್ ಲೋಟ ಮಜ್ಜಿಗೆ ಕುಡಿದೋಗಪ್ಪ" ಅಂದೆ. "ಬ್ಯಾಡ ಕಣವ್ವ, ಬಿಸ್ಲು, ಹಾಲು ಒಡೆದೋಯ್ತದೆ" ಅಂದ. ಹಾಲೆಲ್ಲಿತ್ತು? ವ್ಯಾನು ಹೊರಟಾಗ ಖಾಲಿ ಕ್ಯಾನುಗಳು ಗಡಗಡ ಅಂತಿದ್ವು. ಅವತ್ತು ಅವನು ನಿನ್ನ ಕೇಳೋಕೆ ಅಂತ ಬಂದಾಗ ನಿಮ್ಮಪ್ಪ ಬಾಗಿಲಲ್ಲಿ ನಿಂತು ಅಂದ ಮಾತು ಅವನು ಮರೆತಿಲ್ಲ. ಯಾರು ಮರೀತಾರೆ?

ನಿಮ್ಮಪ್ಪ ಒಳಗಿಂದ ಕಿಟಕಿ ಸಂದೀಲಿ ನೋಡ್ತಿದ್ರು. ವ್ಯಾನು ಮರೆಯಾದ ಮೇಲೆ ಬಂದು "ಯಾರು ತಂದಿಟ್ರು?" ಅಂದ್ರು. ನಂಗೆ ರೇಗೋಯ್ತು. "ಗಾಳಿ ತಂದಿಡ್ತು" ಅಂದೆ.

ಇನ್ನೊಂದು ವಿಷಯ. ಬರೀಬೇಡ ಅಂದವ್ರೆ, ಬರೀತಿವ್ನಿ. ಹೊಟ್ಟೆಲಿ ಗೆಡ್ಡೆ ಅದಂತೆ, ಗರ್ಭಕೋಶ ತೆಗೀಬೇಕಂತೆ. ಆರು ತಿಂಗಳಿಂದ ಮೈ ಮೇಲೆ ಬಹಳ ಹೋಗ್ತಿತ್ತು, ನಾನೇ ಯಾರಿಗೂ ಹೇಳಲಿಲ್ಲ. ಮೈಯಲ್ಲಿ ರಕ್ತವೇ ಇಲ್ಲ ಅಂತ ಡಾಕ್ಟ್ರಮ್ಮ ಬಯ್ದ್ರು. ಗೌರಿ ಹಬ್ಬ ಕಳೆದ ಮೇಲೆ, ಸೆಪ್ಟೆಂಬರ್ ಇಪ್ಪತ್ತಾರಕ್ಕೆ ಆಪರೇಷನ್ನು. ನಂದು ಓ ನೆಗೆಟಿವ್ವಂತೆ, ಅದು ಎಲ್ರಿಗೂ ಇರಲ್ವಂತೆ. ಒಂದು ಬಾಟ್ಲು ಮೈಸೂರಿಂದ ತರುಸ್ತಾರೆ, ಇನ್ನೊಂದಕ್ಕೆ ಜನ ನೀವೇ ಕರ್ಕೊಂಡು ಬನ್ನಿ ಅಂದವ್ರೆ. ನಿಂದೂ ಕೂಡಲ್ಲ, ನಿಮ್ಮಪ್ಪಂದೂ ಕೂಡಲ್ಲ. ಊರವರಿಗೆಲ್ಲ ರಕ್ತ ಹುಡುಕಿಕೊಟ್ಟವರ ಹೆಂಡ್ತಿ ಗತಿ ನೋಡು.

ಕಪಿಲೆ ನಿಮ್ಮೂರಿಂದಲೇ ನಮ್ಮೂರಿಗೆ ಬತ್ತಾಳೆ. ನೀನು ಮಾತ್ರ ಬರಲ್ಲ. ನಿನ್ನ ಅಂತಿಲ್ಲ, ಬರಬೇಡ ಅಂದವರ ಅಂತೀನಿ. ನಂಗೆ ಹೆದರಿಕೆ ಆಗದೆ ಕಣೆ.

ನಿಮ್ಮವ್ವ,
ಗುರುಬಸಮ್ಮ


ತಿ. ನರಸೀಪುರ
6-8-2002

ರುದ್ರಾಣಿಗೆ,

ನೀನು ಇಂಥ ಕೆಲಸ ಮಾಡುತ್ತೀಯೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ನಿಮ್ಮವ್ವನ ವಿಷಯ ನಿನಗೆ ತಲುಪಿದೆಯೆಂದು ನಿನ್ನೆ ನಿಮ್ಮವ್ವನೇ ಒಪ್ಪಿಕೊಂಡಳು. ಇರಲಿ. ಓ ನೆಗೆಟಿವ್ ದಾನಿಗಳ ಪಟ್ಟಿ ಬೇಕೆಂದು ನಿನ್ನ ಹೊಸ ಯಂತ್ರದಲ್ಲಿ ಅಚ್ಚು ತೆಗೆದೆ. ಬಂದವರು ಇಬ್ಬರೇ, ಇಬ್ಬರೂ ಮಹದೇವರೇ. ಮೂಗೂರಿನವರ ಹೆಸರಿನ ಮುಂದೆ ಉರುಫೂ ಇಲ್ಲ, ಅಡ್ಡಹೆಸರೂ ಇಲ್ಲ. ಬರೀ "ಮಹದೇವ, ಮೂಗೂರು". ಎರಡನೆಯದು ಮಾತ್ರ ಸಾಂಗವಾಗಿ "ಮಹದೇವ @ ಮಾದು, ಹೆಮ್ಮರಗಾಲ" ಎಂದು ಬಂದಿದೆ.

ಇಡೀ ಪಟ್ಟಿ ತೆಗೆದೆ. ಒಂದು ಡಜನ್ ಮಹದೇವರಿದ್ದಾರೆ. ಕುಳ್ಳ ಇಲ್ಲ, ಮಿಲ್ಟ್ರಿ ಇಲ್ಲ, ಎಲ್ಲರ ಅಡ್ಡಹೆಸರನ್ನೂ ಯಾರೋ ಒರೆಸಿ ಹಾಕಿದ ಹಾಗಿದೆ. ಅಷ್ಟೂ ಮಹದೇವರಲ್ಲಿ ಉಳಿದದ್ದು ನಿನ್ನ ಗಂಡನ ಅಡ್ಡಹೆಸರು ಒಂದೇ. ನಾನು ಮೂವತ್ತು ವರ್ಷ ಕೋರ್ಟಿನಲ್ಲಿ ಕೂತವನು. ದಾಖಲೆ ತಿದ್ದಿದ್ದು ಮೂಗಿಗೆ ಬಡಿಯುತ್ತದೆ.

ಪುಟ್ಟಸ್ವಾಮಿಯ ಎಸ್‌ಟಿಡಿ ಬೂತಿನಿಂದ ಮೂಗೂರಿನ ಅಂಗಡಿಗೆ ಫೋನ್ ಮಾಡಿದೆ. ಮಹದೇವನನ್ನು ಕರೆಯಿರಿ ಎಂದೆ.

"ಯಾವ ಮಾದೇವ ಸಾ?"

"ರಕ್ತ ಕೊಡೋ ಮಹದೇವ ಕಣಯ್ಯಾ."

"ರಕ್ತ ಕುಡಿಯೋ ಮಾದೇವ ಒಬ್ಬವ್ನೆ ಸಾ, ಬಡ್ಡಿ ವ್ಯವಾರ ಮಾಡ್ತಾನೆ. ಕೊಡೋನ್ ಗೊತ್ತಿಲ್ಲ. ಮೇಗಲ ಬೀದಿ ಮಾದೇವನ ಕರೀಲಾ, ಕೆಳಗಲ ಬೀದಿಯೋನಾ?"

ಇಬ್ಬರನ್ನೂ ಕರೆಸಿದೆ. ಇಬ್ಬರೂ ಜನ್ಮದಲ್ಲಿ ರಕ್ತ ಕೊಟ್ಟವರಲ್ಲ. ಕೆಳಗಲ ಬೀದಿಯವನು ಸೂಜಿ ಎಂದ ಕೂಡಲೇ ಫೋನು ಇಟ್ಟುಬಿಟ್ಟ. ಬೂತಿನಲ್ಲಿದ್ದವರೆಲ್ಲ ನಕ್ಕರು. ನನಗೆ ನೆನಪಾಗುತ್ತಿಲ್ಲ. ಆ ಮನುಷ್ಯನ ಅಡ್ಡಹೆಸರು ಏನೋ ಶಬ್ದ ಮಾಡುವ ವಸ್ತುವಿನದು, ಅಷ್ಟೇ ತಲೆಯಲ್ಲಿದೆ.

ಅಪ್ಪ ಬೇರೆ ದಾರಿಯಿಲ್ಲದೆ ನಿನ್ನ ಗಂಡನ ಬಾಗಿಲಿಗೆ ಬರಲಿ ಎಂದು ಹೂಡಿದ ಆಟ ಇದಾಗಿದ್ದರೆ, ನಿಮ್ಮವ್ವನ ಜೀವ ಪಣಕ್ಕಿಟ್ಟು ಆಡಿದ್ದೀಯೆ. ಇದಕ್ಕೆ ನಿನ್ನ ಕೈಫಿಯತ್ತು ಏನು?

ಚಿಕ್ಕಬಸಪ್ಪ


ನಂಜನಗೂಡು
9-8-2002

ಅಪ್ಪಾಜಿ,

ನಾನು ಒಂದಕ್ಷರವನ್ನೂ ಮುಟ್ಟಿಲ್ಲ. ಅವ್ವನ ಜೀವದ ಮೇಲೆ ಆಟ ಆಡುವವಳು ಎಂದು ಬರೆಯಲು ನಿಮಗೆ ಕೈ ಹೇಗೆ ಬಂತು?

ಏನಾಗಿದೆಯೆಂದು ಹುಡುಕುತ್ತೇನೆ, ಅವ್ವನಿಗೋಸ್ಕರ. ನಿಮಗೋಸ್ಕರ ಅಲ್ಲ.

ರುದ್ರಾಣಿ


ನಂಜನಗೂಡು
21-8-2002

ಅಪ್ಪಾಜಿ,

ಸಿಕ್ಕಿತು. ಕಾರ್ಖಾನೆಯಲ್ಲಿ ಪುಸ್ತಕ ತಿರುವಿ, ಮೈಸೂರಿನ ಒಬ್ಬರನ್ನು ಕೇಳಿ, ಕೊನೆಗೆ ಗೊತ್ತಾದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಧಾನವಾಗಿ ಓದಿ.

ಪರ್ಲ್ ಭಾಷೆಯಲ್ಲಿ @ ಗುರುತಿಗೆ ಉರುಫ್ ಎಂಬ ಅರ್ಥವಿಲ್ಲ. ಅದನ್ನು ಅಂಟಿಸಿ ಬರೆದ ಪದ ಒಂದು ಪಟ್ಟಿಯ ಹೆಸರು. "ಮಹದೇವ @ಕುಳ್ಳ" ಎಂದು ಬರೆದರೆ, ಕುಳ್ಳ ಎಂಬ ಪಟ್ಟಿಯಲ್ಲಿ ಇರುವುದನ್ನೆಲ್ಲ ಇಲ್ಲಿ ತಂದು ಹಾಕು ಎಂದಾಗುತ್ತದೆ. ಹಳೆಯ ಆವೃತ್ತಿಯೂ ಹುಡುಕುತ್ತಿತ್ತು. ಆದರೆ ಅಂಥ ಪಟ್ಟಿ ಇಲ್ಲವೆಂದು ಕಂಡರೆ, ಬರೆದವರು ಏನೋ ಉದ್ದೇಶದಿಂದ ಬರೆದಿರಬೇಕು ಎಂದು ಅಕ್ಷರವನ್ನು ಹಾಗೇ ಬಿಡುತ್ತಿತ್ತು. ಅದಕ್ಕೆ ಅಷ್ಟು ದಾಕ್ಷಿಣ್ಯ ಇತ್ತು. ಹೊಸದಕ್ಕೆ ಇಲ್ಲ. ಕುಳ್ಳ ಎಂಬ ಪಟ್ಟಿ ಹುಡುಕುತ್ತದೆ, ಸಿಗುವುದಿಲ್ಲ, ಹಾಗಾದರೆ ಖಾಲಿ ಎಂದು ಖಾಲಿಯನ್ನೇ ಅಚ್ಚು ಹಾಕುತ್ತದೆ. ತಪ್ಪಾಗಿದೆ ಎಂದು ಕೂಗುವುದೂ ಇಲ್ಲ. ಅದಕ್ಕೇ ನಾನು ಓಡಿಸಿದಾಗ ಗೊಣಗದೆ ಓಡಿದ್ದು. ಹೆಸರು ನೋಡದೆ ಓಟ ಮಾತ್ರ ನೋಡಿದೆ ನಾನು.

ಈಗ ನನ್ನ ಗಂಡನ ಹೆಸರು. @ ಆದ ಮೇಲೆ ಜಾಗ ಇದ್ದರೆ ಹೊಸದು ಅದನ್ನು ಪಟ್ಟಿ ಎಂದುಕೊಳ್ಳುವುದಿಲ್ಲ, ಹಾಗೇ ಬಿಡುತ್ತದೆ. ನೀವು ಹೇಳಿ ಬರೆಸಿದ ಹೆಸರುಗಳಲ್ಲೆಲ್ಲ ಅಂಟಿಸಿದ್ದೇನೆ, ಮೊಟಕಿನ ಭಯಕ್ಕೆ. ಕಾಲೇಜಿನ ಶಿಬಿರದಲ್ಲಿ ಸೇರಿದವರನ್ನು ಮಾತ್ರ ನಾನೊಬ್ಬಳೇ ಕೂತು ಸೇರಿಸಿದ್ದೆ. ನೀವು ಪಕ್ಕದಲ್ಲಿರಲಿಲ್ಲ, ಆರಾಮಾಗಿ ಜಾಗ ಬಿಟ್ಟೆ. ಅವನು ಬಳಗಕ್ಕೆ ಸೇರಿದ್ದು ಆ ಶಿಬಿರದಲ್ಲಿ. ನಂಬಿಕೆ ಬಾರದಿದ್ದರೆ ಅದೇ ಶಿಬಿರದ ಪುಟ್ಟಮಾದಮ್ಮನ ಹೆಸರು ನೋಡಿ. "ಪುಟ್ಟಮಾದಮ್ಮ @ ಚಿಕ್ಕಿ" ಎಂದು ಪೂರ್ತಿ ಉಳಿದಿದೆ. ಅವಳನ್ನೂ ನಾನು ಮದುವೆ ಆಗಿದ್ದೀನಾ?

ಹಳೆಯ ಪರ್ಲನ್ನೇ ತಂದು ಹಾಕು ಎನ್ನುತ್ತೀರಿ, ಗೊತ್ತು. ಆಗುವುದಿಲ್ಲ. ಈ ಆಪರೇಟಿಂಗ್ ಸಿಸ್ಟಮಿನ ಮನೆಗೆಲಸಗಳಲ್ಲಿ ಎಷ್ಟೋ ಹೊಸದನ್ನೇ ನಂಬಿಕೊಂಡಿವೆ. ಅದನ್ನು ಕಿತ್ತು ಹಳೆಯದನ್ನು ಕೂರಿಸಿದರೆ ಅವೆಲ್ಲ ಕೆಟ್ಟು ಕೂರುತ್ತವೆ. ದಾರಿ ಒಂದೇ. ಪ್ರತಿ @ ಗುರುತಿನ ಹಿಂದೆ ಹೀಗೆ \ ಹಿಂದಕ್ಕೆ ವಾಲಿದ ಒಂದು ಗೀಟು ಹಾಕಬೇಕು. ಇದು ಪಟ್ಟಿಯಲ್ಲ, ಅಕ್ಷರ, ಹಾಗೇ ಬಿಡು ಎಂದು ಹೊಸಬನಿಗೆ ಹೇಳಿದಂತೆ. ಗೀಟು ಅಚ್ಚಿನಲ್ಲಿ ಕಾಣುವುದಿಲ್ಲ. ಎಲ್ಲ ಹೆಸರಿಗೂ ಹಾಕಿದ ಫ್ಲಾಪಿ ಇದರ ಜೊತೆಗಿದೆ. ಮೂಗೂರಿನವರ ಅಡ್ಡಹೆಸರು ಪೀಪಿ. ಮಹದೇವ @ಪೀಪಿ.

ಒಂದು ಮಾತು ಹೇಳದೆ ಇರಲಾರೆ. ಗುರುತು ಸಿಕ್ಕದ ಹೆಸರನ್ನು ಇಲ್ಲವೇ ಇಲ್ಲ ಎಂದು ಅಳಿಸಿಬಿಡುವುದು ಈ ಯಂತ್ರ ಮಾತ್ರ ಅಲ್ಲ.

ರುದ್ರಾಣಿ


ತಿ. ನರಸೀಪುರ
30-8-2002

ರುದ್ರಾಣಿಗೆ,

ನಿನ್ನ ಹೇಳಿಕೆಯನ್ನು ಪರಿಶೀಲಿಸಿದ್ದೇನೆ. ಹೇಳಿದ ಮಾತ್ರಕ್ಕೆ ನಂಬುವ ಅಭ್ಯಾಸ ನನಗಿಲ್ಲ. ಹಳೆಯ ನಕಲಿನಲ್ಲಿ ಕುಳ್ಳನ ಹೆಸರಿನಲ್ಲಿ @ ಆದ ಮೇಲೆ ನಾನೇ ಒಂದು ಜಾಗ ಬಿಟ್ಟು ಅಚ್ಚು ತೆಗೆದೆ. ಕುಳ್ಳ ಬಂದ. ಜಾಗ ತೆಗೆದೆ, ಹೋದ. ಮತ್ತೆ ಬಿಟ್ಟೆ, ಬಂದ. ನಿಮ್ಮವ್ವ ಅಡುಗೆಮನೆಯಿಂದ "ಮಕ್ಕಳಾಟ ಆಡ್ತಾ ಕೂತವ್ರೆ" ಎಂದಳು.

ಆದ್ದರಿಂದ ನಿನ್ನ ಮೇಲಿನ ಆಪಾದನೆ ವಜಾ ಆಗಿದೆ. ನೀನು ನಿರಪರಾಧಿ. 6ನೇ ತಾರೀಖಿನ ಪತ್ರದಲ್ಲಿ ನಾನು ಬರೆದ ಕೊನೆಯ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಅದನ್ನು ಬರೆಯಬಾರದಿತ್ತು.

ಆದರೆ ಈ ಹೊಸ ಭಾಷೆಯವರ ಮೇಲೆ ನನ್ನ ತಕರಾರು ಉಂಟು. ಹೊಸ ನ್ಯಾಯಾಧೀಶರು ಬಂದರೆಂದು ಹಳಬರು ಬರೆದ ಆದೇಶ ರದ್ದಾಗುವುದಿಲ್ಲ. ಅರ್ಥವಾಗದಿದ್ದರೆ ಕ್ಲರ್ಕನ್ನು ಕರೆದು ಕೇಳುತ್ತಾರೆ. ಕೇಳದೆ ಒರೆಸಿಹಾಕುವುದು ಎಲ್ಲಿಯ ಪದ್ಧತಿ?

ಮೂಗೂರಿನ ಪೀಪಿ ಮಹದೇವರು ಸಿಕ್ಕರು. ಅಡ್ಡಹೆಸರು ಹೇಳಿದ ಕೂಡಲೇ ಅಂಗಡಿಯವನು "ಓ, ನಮ್ ಪೀಪಿಯಾ!" ಎಂದು ಓಡಿ ಕರೆತಂದ. ವಾಲಗದವರು, ಬಹಳ ಒಳ್ಳೆಯ ಮನುಷ್ಯ. ಆದರೆ ಅವರಿಗೆ ಹೋದ ತಿಂಗಳು ಕಾಮಾಲೆ ಬಂದು ಹೋಗಿದೆ. ಅವರ ರಕ್ತ ತೆಗೆದುಕೊಳ್ಳುವಂತಿಲ್ಲ. ಫೋನಿನಲ್ಲೇ ಅತ್ತುಬಿಟ್ಟರು, ನಾನೇ ಸಮಾಧಾನ ಹೇಳಿದೆ.

ತಗಡೂರು, ಮೈಸೂರು ಎಲ್ಲ ಕಡೆ ವಿಚಾರಿಸುತ್ತಿದ್ದೇನೆ. ನಿಮ್ಮವ್ವ ನಡೆದರೆ ಗೋಡೆ ಹಿಡಿದುಕೊಳ್ಳುತ್ತಾಳೆ. ಮುಖ ಸುಣ್ಣದ ಬಣ್ಣಕ್ಕೆ ತಿರುಗಿದೆ. ಬೇರೆ ವಿಶೇಷವಿಲ್ಲ.

ಚಿಕ್ಕಬಸಪ್ಪ


ನಂಜನಗೂಡು
5-9-2002

ಅಪ್ಪಾಜಿ,

ಬೇರೆ ವಿಶೇಷವಿಲ್ಲ ಎಂದು ಬರೆದಿದ್ದೀರಿ. ಓ ನೆಗೆಟಿವ್ ಪಟ್ಟಿಯಲ್ಲಿ ಇದ್ದವರು ಇಬ್ಬರು. ಒಬ್ಬರಿಗೆ ಕಾಮಾಲೆ. ಎರಡನೆಯವರ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ತಗಡೂರಿಗೆ ಹೋದಿರಿ, ಮೈಸೂರಿಗೆ ಹೋದಿರಿ. ನಂಜನಗೂಡು ನಿಮ್ಮ ನಕ್ಷೆಯಲ್ಲಿ ಇಲ್ಲವೇ?

ಇವತ್ತು ಷರತ್ತು ಮುರಿಯುತ್ತೇನೆ. ಮಾದು ವರ್ಷಕ್ಕೆ ಮೂರು ಸಲ ರಕ್ತ ಕೊಡುತ್ತಾನೆ. ನಿಮ್ಮ ಬಳಗಕ್ಕೇ ಕೊಡುತ್ತಿದ್ದ. ಶಿಬಿರಕ್ಕೆ ಬಂದರೆ ನೀವೇ ಬೆನ್ನು ತಟ್ಟಿ "ಬಾರಪ್ಪ ಮಾದು" ಎಂದು ಹಣ್ಣು ಕೊಡುತ್ತಿದ್ದಿರಿ. ಅದೇ ಮನುಷ್ಯ ತೊಂಬತ್ತೆಂಟರಲ್ಲಿ ಬಿಳಿ ಷರ್ಟು ಹಾಕಿಕೊಂಡು ನಿಮ್ಮ ಬಾಗಿಲಿಗೆ ಬಂದು, "ನಾನು ಮಾದೇವ ಸಾ, ಹೆಮ್ಮರಗಾಲದೋನು" ಎಂದಾಗ ನೀವು ಏನಂದಿರಿ? "ಯಾವ ಮಾದೇವ?" ಎಂದಿರಿ. ಗೊತ್ತಿದ್ದೂ ಕೇಳಿದಿರಿ. ಲಿಂಗ ಕಟ್ಟದ ಮನೆಯವನು ಎಂಬುದು ನಿಮಗೆ ಅಡ್ಡ ಬಂದಿತ್ತು, ಅದನ್ನಾದರೂ ಬಾಯಿಬಿಟ್ಟು ಹೇಳಿದ್ದರೆ ಅವನು ಜಗಳ ಆಡಿ ಮರೆಯುತ್ತಿದ್ದ. ಈ ಮಾತನ್ನು ಮಾತ್ರ ಮರೆತಿಲ್ಲ. ಮನೆಗೆ ಬಂದವರು ಯಾರಾದರೂ "ಯಾವ ಮಾದೇವ" ಎಂದರೆ ಇವತ್ತಿಗೂ ಎದ್ದು ಹಿತ್ತಲಿಗೆ ಹೋಗುತ್ತಾನೆ.

ಅವ್ವನಿಗೆ ಏನೂ ಆಗಗೊಡುವುದಿಲ್ಲ, ಹೆದರಬೇಡಿ. ನೀವು ಕರೆಯದಿದ್ದರೂ ಇಪ್ಪತ್ತಾರಕ್ಕೆ ನಾನೇ ಅವನನ್ನು ಕರೆದುಕೊಂಡು ಬರುತ್ತೇನೆ. ಮಿಷನ್ನು ಇಟ್ಟ ಹಾಗೆ ರಕ್ತ ಇಟ್ಟು, ಚಪ್ಪಲಿ ಬಿಡದೆ ಹೊರಟುಬಿಡುತ್ತೇವೆ. ಆದರೆ ಆಮೇಲೆ ನಾನು ಆ ಊರಿಗೆ ಬರುವುದಿಲ್ಲ ಅಪ್ಪಾಜಿ. ಕೋಪಕ್ಕೆ ಹೇಳುತ್ತಿಲ್ಲ. ರಕ್ತ ಬೇಕು, ಹೆಸರು ಬೇಡ ಎನ್ನುವ ಮನೆಗೆ ಯಾವ ಮುಖ ಹೊತ್ತುಕೊಂಡು ಬರಲಿ?

ಬಳಗದ ನಿಯಮ ನೀವೇ ಮಾಡಿದ್ದು. ದಾನಿಯನ್ನು ಕಾರ್ಯದರ್ಶಿ ಖುದ್ದಾಗಿ, ಹೆಸರು ಹಿಡಿದು ಕರೆಯಬೇಕು. ಕರೆಯಿರಿ. ಹೆಮ್ಮರಗಾಲದ ಡೈರಿಯ ನಂಬರು ನಿಮ್ಮ ಪಟ್ಟಿಯಲ್ಲೇ ಇದೆ. ಬೆಳಿಗ್ಗೆ ಹಾಲು ತುಂಬುವ ಹೊತ್ತಿಗೆ ಅಲ್ಲೇ ಇರುತ್ತಾನೆ.

ನಿಮ್ಮ ಮಗಳು,
ರುದ್ರಾಣಿ


ತಿ. ನರಸೀಪುರ
17-9-2002

ಕೂಸೇ,

ಇದನ್ನ ನಾನೇ ಬರೀಬೇಕು. ನಿಮ್ಮಪ್ಪನ ಬಾಯಲ್ಲಿ ಇದು ಯಾವತ್ತೂ ಬರಲ್ಲ. ಬೂತಿನ ಪುಟ್ಟಸ್ವಾಮಿ ಮನೆಗೇ ಬಂದು ಹೇಳಿ ಹೋದ.

ನಿನ್ನ ಕಾಗದ ಬಂದಾಗಿನಿಂದ ನಿಮ್ಮಪ್ಪ ಊಟ ಸರಿಯಾಗಿ ಮಾಡ್ತಿರಲಿಲ್ಲ. ಮುದ್ದೆ ಮುರಿದು ತಟ್ಟೆಲಿ ಇಟ್ಕೊಂಡು ಕೂರೋರು. ಹಬ್ಬದ ದಿನ ಕಡುಬೂ ಮುಟ್ಟಲಿಲ್ಲ. ಮೊನ್ನೆ ಬೆಳಿಗ್ಗೆ ಕೋಟು ಹಾಕ್ಕೊಂಡ್ರು. ಕೋರ್ಟಿಗೆ ಹೋಗೋ ಕೋಟು! ಎಲ್ಲಿಗೆ ಅಂದ್ರೆ ಚಪ್ಪಲಿ ಮೆಟ್ಕೊಂಡು ಹೊರಟೇಬಿಟ್ರು.

ಬೂತಲ್ಲಿ ಹೆಮ್ಮರಗಾಲದ ಡೈರಿಗೆ ಹಚ್ಚಿ "ಮಹದೇವನ್ನ ಕರೀರಿ" ಅಂದರಂತೆ. ಆ ಕಡೆಯವನು "ಯಾವ ಮಾದೇವ?" ಅಂದನಂತೆ. ನಿಮ್ಮಪ್ಪ ಫೋನಿಟ್ಟು ಆಚೆ ಬಂದರಂತೆ. ಎದುರುಗಡೆ ಟೀ ಕುಡಿದರಂತೆ. ಮನೇಲಿ ಟೀ ಕಂಡ್ರೆ ಆಗದ ಮನುಷ್ಯ! ತಿರುಗಿ ಒಳಗೋಗಿ ಮತ್ತೆ ಹಚ್ಚಿದರಂತೆ.

"ಯಾವ ಮಾದೇವ ಸಾ?"

"ಮಾದು. ಮಾದು ಅಂತಾರೆ."

"ಮಾದು ಇಬ್ಬರವ್ರೆ ಕಣ್ ಸಾ. ಕುರಿ ಮಾದುನಾ, ವ್ಯಾನ್ ಮಾದುನಾ?"

ಆಗ ನಿಮ್ಮಪ್ಪ ಕೂಗಿದ್ದು ಬಸ್ ಸ್ಟ್ಯಾಂಡಿನವರೆಗೂ ಕೇಳುಸ್ತಂತೆ. "ನನ್ನ ಅಳಿಯ ಕಣಯ್ಯಾ! ನರಸೀಪುರದ ಚಿಕ್ಕಬಸಪ್ಪನ ಅಳಿಯ ಮಾದೇವ! ಇನ್ನೆಷ್ಟು ಸಲ ಬಾಯ್ಬಿಟ್ಟು ಹೇಳ್ಬೇಕು ನಿಂಗೆ?"

ಬೀದಿಯವರೆಲ್ಲ ನಿಂತು ನೋಡಿದರಂತೆ. ಆಮೇಲೆ ನಿನ್ನ ಗಂಡ ಫೋನಿಗೆ ಬಂದವನೆ. ಅಷ್ಟೊತ್ತು ಕೂಗ್ತಿದ್ದವರು ಮೆತ್ತಗೆ "ಇಪ್ಪತ್ತಾರಕ್ಕೆ... ಬಾಪ್ಪ" ಅಂತ ಅಂದು ಅಷ್ಟಕ್ಕೇ ಇಟ್ಟುಬಿಟ್ಟರಂತೆ. ಪುಟ್ಟಸ್ವಾಮಿ ಹೇಳ್ತಾ ಹೇಳ್ತಾ ನಗ್ತಿದ್ದ. ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ನಿಮ್ಮಪ್ಪ ಮನೆಗೆ ಬಂದು "ಒಬ್ಬ ದಾನಿ ಸಿಕ್ಕವ್ರೆ" ಅಂದ್ರು. "ಯಾರು?" ಅಂದೆ, ಏನೂ ಗೊತ್ತಿಲ್ಲದವಳ ಹಾಗೆ. "ಗಾಳಿ ತಂದಿಡ್ತು" ಅಂದು ಒಳಗೋದ್ರು.

ಬಾ ಮಗ. ಬಂದು ನನ್ನ ಹತ್ರ ಸ್ವಲ್ಪ ದಿನ ಇರು. ಈಗ ನಂಗೆ ಹೆದರಿಕೆ ಇಲ್ಲ.

ನಿಮ್ಮವ್ವ


ತಿ. ನರಸೀಪುರ
14-10-2002

ಚಿರಂಜೀವಿ ಅಳಿಯಂದಿರಾದ ಮಹದೇವ ಅವರಿಗೆ ಆಶೀರ್ವಾದಗಳು.

ನಿಮಗೆ ನಾನು ಬರೆಯುತ್ತಿರುವ ಮೊದಲನೇ ಪತ್ರ ಇದು. ಹೇಗೆ ಬರೆಯಬೇಕೆಂದು ತಿಳಿಯದೆ ಎರಡು ಹಾಳೆ ಹರಿದು ಹಾಕಿದ್ದೇನೆ. ಕಾರ್ಯದರ್ಶಿಯಾಗಿ ಬರೆಯುವುದು ಸುಲಭ.

ನಿಮ್ಮ ಅತ್ತೆಯವರು ಚೇತರಿಸಿಕೊಂಡಿದ್ದಾರೆ. ನಿನ್ನೆ ಹಿತ್ತಲಿನವರೆಗೆ ನಡೆದರು. ಮುಖಕ್ಕೆ ಬಣ್ಣ ಬಂದಿದೆ. ಅದು ಅಳಿಯಂದಿರ ಬಣ್ಣ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಾರೆ. ನೀವು ಕಳಿಸಿದ ರಸಬಾಳೆ ಹಣ್ಣನ್ನು ಯಾರಿಗೂ ಕೊಡದೆ ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದಾರೆ. ರುದ್ರಾಣಿಯನ್ನು ಇನ್ನು ಒಂದೆರಡು ವಾರ ಇಲ್ಲೇ ಬಿಡಿ. ಅವಳಿಲ್ಲದೆ ನಿಮಗೆ ಊಟ ತಿಂಡಿಗೆ ತೊಂದರೆಯಾಗುತ್ತದೆಂದು ಗೊತ್ತು.

ಅವತ್ತು ನೀವು ಒಳಗೆ ಮಲಗಿ ರಕ್ತ ಕೊಡುತ್ತಿದ್ದಾಗ ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬಂದು ನಿಮ್ಮ ಪಕ್ಕ ನಿಲ್ಲಬೇಕೆಂದಿದ್ದೆ. ಬರಲಿಲ್ಲ. ನೀವು ಎದ್ದು ಬಂದಾಗಲೂ ಹಣ್ಣಿನ ರಸ ಕೈಗಿಟ್ಟು ಔಷಧದ ಅಂಗಡಿಯ ಕಡೆ ನಡೆದುಬಿಟ್ಟೆ. ನನ್ನ ಬಾಗಿಲಲ್ಲಿ ನಿಮ್ಮನ್ನು ನಾನು ಕೇಳಿದ ಆ ಪ್ರಶ್ನೆಯನ್ನು ಈ ಎರಡು ತಿಂಗಳಲ್ಲಿ ನನಗೆ ಎಷ್ಟು ಜನ ಕೇಳಿದರೆಂದರೆ, ಕೊನೆಗೆ ಅದು ಎಲ್ಲಿ ನಾಟುತ್ತದೆಂದು ತಿಳಿಯಿತು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಅರ್ಥ ಮಾಡಿಕೊಳ್ಳಿ.

ದೀಪಾವಳಿಗೆ ಬರಬೇಕು. ನಾಲ್ಕು ದೀಪಾವಳಿ ಬಾಕಿ ಇವೆ ಎಂದು ನಿಮ್ಮ ಅತ್ತೆ ಈಗಲೇ ಎಣ್ಣೆ ಕಾಯಿಸುವ ಮಾತಾಡುತ್ತಿದ್ದಾರೆ. ಹಾಲು ಒಡೆಯುತ್ತದೆ ಎಂಬ ಸಬೂಬು ನಡೆಯುವುದಿಲ್ಲ. ಖಾಲಿ ಕ್ಯಾನಿನ ಸದ್ದು ಕಿಟಕಿಯ ಹಿಂದೆ ನಿಂತವರಿಗೂ ಕೇಳಿಸುತ್ತದೆ. ಚಪ್ಪಲಿ ಬಿಟ್ಟು ಒಳಗೆ ಬನ್ನಿ.

ಬಳಗದ ಪಟ್ಟಿಯಲ್ಲಿ ನಿಮ್ಮ ಹೆಸರಿನ ದಾಖಲೆಯನ್ನು ನಾನೇ ತಿದ್ದಿದ್ದೇನೆ. ರುದ್ರಾಣಿ ಕಲಿಸಿದಳು, ಆದರೆ ಗುಂಡಿ ಒತ್ತಿದ್ದು ನಾನು. ಮೊದಲನೆಯ ಸಲ ಆ ವಾಲಿದ ಗೀಟು ಹಾಕುವುದನ್ನು ಮರೆತೆ. ಯಂತ್ರ ಬರೀ "ಮಹದೇವ" ಎಂದು ಅಚ್ಚು ಹಾಕಿತು. "ನೋಡಿ, ಮತ್ತೆ ಅಳಿಸಿಬಿಟ್ರಿ" ಎಂದು ನಿಮ್ಮ ಹೆಂಡತಿ ನನ್ನ ತಲೆಗೇ ಮೊಟಕಿದಳು. ಎರಡನೆಯ ಸಲ ಗೀಟು ಹಾಕಿದೆ, ಸರಿಯಾಗಿ ಬಂತು. ಆ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ.

"ಮಹದೇವ @ಅಳಿಯ, ಹೆಮ್ಮರಗಾಲ, ಓ ನೆಗೆಟಿವ್."

ಗಮನಿಸಿ ನೋಡಿ. ಮಧ್ಯೆ ಯಾರೂ ಏನೂ ತೂರಿಸದ ಹಾಗೆ ಅಂಟಿಸಿ ಬರೆದಿದ್ದೇನೆ.

ನಿಮ್ಮ ಮಾವ,
ಚಿಕ್ಕಬಸಪ್ಪ